ಎಡಗೈ ಬಿಟ್ಟ ಹಗ್ಗ

ನನ್ನ ಗಂಡ ನನ್ನ ಹಗ್ಗ ಬಿಟ್ಟದ್ದನ್ನು ನಾನು ಮೇಲಿನಿಂದ ಕಣ್ಣಾರೆ ನೋಡಿದೆ. ಜಾರಿತು, ಒದ್ದೆಯಾಗಿತ್ತು, ಗಾಳಿ ಬೀಸಿತು ಎಂದು ಬೇರೆಯವರು ಏನು ಬೇಕಾದರೂ ಹೇಳಲಿ. ನಾನು ವಿಮಾ ಕಚೇರಿಯಲ್ಲಿ ಅಪಘಾತದ ಕ್ಲೇಮುಗಳನ್ನು ನೋಡುವವಳು, ಇಂಥ ಮಾತು ಕೇಳಿ ಕೇಳಿ ನನ್ನ ಕಿವಿ ಗಟ್ಟಿಯಾಗಿದೆ. ಇಲ್ಲಿ ಏನೂ ಜಾರಲಿಲ್ಲ. ಅವರ ಎಡಗೈ ಹಗ್ಗದ ಮೇಲಿತ್ತು, ಆಮೇಲೆ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ಅರ್ಥವಾಗುವುದಿಲ್ಲ.

ನಾನು ಕೋಮಲಾ. ಅಪ್ಪ ಬ್ಯಾಂಕಿನ ಕೆಲಸಕ್ಕೆಂದು ತುಮಕೂರಿನ ಕಡೆಯಿಂದ ಚೆನ್ನೈಗೆ ಬಂದವರು. ನಾನು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಗಂಡ ಸಿದ್ಧಲಿಂಗೇಶ್ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಇಂಜಿನಿಯರ್. ಅವರ ಮನೆತನ ಹುಬ್ಬಳ್ಳಿಯ ಕಡೆಯದು. ಮಾವ ಏಕಾಂತಪ್ಪನವರೂ ರೈಲ್ವೆಯಲ್ಲೇ ಇದ್ದು ತೀರಿಕೊಂಡವರು. ಈಗ ಪೆರಂಬೂರಿನ ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ ಬಸವಣ್ಣೆಮ್ಮ.

ನಮ್ಮಲ್ಲಿ ಗಂಡಸರು ಹೆಂಗಸರು ಎನ್ನದೆ ಎಲ್ಲರ ಕೊರಳಲ್ಲೂ ಇಷ್ಟಲಿಂಗ ಇರುತ್ತದೆ. ಬೆಳ್ಳಿಯ ಕರಡಿಗೆಯೊಳಗೆ ಲಿಂಗ, ಕರಡಿಗೆಗೆ ಹತ್ತಿಯ ಶಿವದಾರ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡುವವರೆಗೆ ಅತ್ತೆ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ. ನಾನು ಅಷ್ಟು ಶಿಸ್ತಿನವಳಲ್ಲ. ಲಿಂಗ ಮೈಬಿಟ್ಟು ಬೀಳಬಾರದು, ಬಿದ್ದರೆ ಆ ಜೀವ ಉಳಿಯಬಾರದು ಎಂಬ ಹಳೆಯ ಮಾತನ್ನು ನಾನೂ ಕೇಳಿದ್ದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ನನ್ನ ಗಂಡ ಬಿಟ್ಟಿರಲಿಲ್ಲ.

ಅದಕ್ಕೆ ಒಂದು ಕಾರಣವೂ ಇತ್ತು. ಚಿಕ್ಕಂದಿನಲ್ಲಿ ಮಾವ ಅವರನ್ನು ದೋಣಿ ತೋರಿಸಲು ಕಾಸಿಮೇಡಿನ ಮೀನುಬಂದರಿಗೆ ಕರೆದುಕೊಂಡು ಹೋಗಿದ್ದರಂತೆ. ಅಲೆ ತಡೆಯಲು ಹಾಕಿದ ಕಲ್ಲುಗುಂಡುಗಳ ಮೇಲೆ ಕುಣಿಯುವಾಗ ದಾರ ಹರಿದು, ಕರಡಿಗೆ ಕಲ್ಲುಗಳ ಸಂದಿಯಲ್ಲಿ ಬಿತ್ತು. ಮಾವ ಕತ್ತಲಾಗುವ ತನಕ ನೀರಿನಲ್ಲಿ ಕೈಯಾಡಿಸಿದರು, ಸಿಗಲಿಲ್ಲ. ಮನೆಗೆ ಬಂದು ಅಪ್ಪ ಮಗ ಇಬ್ಬರೂ ಅನ್ನ ನೀರು ಮುಟ್ಟಲಿಲ್ಲ. ಮರುದಿನ ಸಂಜೆ ಮೀನು ಮಾರುವ ಹೆಂಗಸೊಬ್ಬಳು ಅದನ್ನು ತಂದು ಅತ್ತೆಯ ಕೈಗೆ ಕೊಟ್ಟು ಹೋದಳು. “ಅದು ಸಿಗದಿದ್ರ ನಾ ಇವತ್ತ ಇರ್ತಿರಲಿಲ್ಲ” ಎಂದು ಮದುವೆಯಾದ ಹೊಸತರಲ್ಲೇ ಅವರು ನನಗೆ ಹೇಳಿದ್ದರು. ಕಾಸಿಮೇಡಿನ ಆ ಹೆಂಗಸಿಗೆ ಪೆರಂಬೂರಿನ ವಿಳಾಸ ಯಾರು ಕೊಟ್ಟರು ಎಂದು ಕ್ಲೇಮು ನೋಡುವ ನನ್ನ ಬುದ್ಧಿ ಆಗಲೇ ಕೇಳಿತ್ತು. ಹೊಸ ಸೊಸೆ, ಬಾಯಿ ಮುಚ್ಚಿಕೊಂಡಿದ್ದೆ.

ಬಂಡೆ ಹತ್ತುವ ಹುಚ್ಚು ನನ್ನದು. ಪೆರುಂಗುಡಿಯ ಐಟಿ ಕಚೇರಿಗಳ ನಡುವೆ ಹತ್ತುವುದಕ್ಕೆಂದೇ ಕಟ್ಟಿದ ಒಂದು ಗೋಡೆ ಇದೆ. ಗೆಳತಿ ತೃಪ್ತಿ ಒಂದು ಸಂಜೆ ಅಲ್ಲಿಗೆ ಎಳೆದುಕೊಂಡು ಹೋದಳು. ಅವಳು ಮರುವಾರವೇ ಬಿಟ್ಟಳು, ನಾನು ಅಂಟಿಕೊಂಡೆ. ದಿನವಿಡೀ ಬಿದ್ದವರ ಕಾಗದ ನೋಡುವವಳಿಗೆ ಬೀಳದೆ ಮೇಲೆ ಹೋಗುವುದರಲ್ಲಿ ಎಂಥ ಸುಖವಿದೆ ಎಂದು ಯಾರಿಗೂ ತಿಳಿಸಿ ಹೇಳಲಾರೆ. ಆ ಗೋಡೆ ನಡೆಸುವ ಗಿರಿಧರ್ ನಮ್ಮನ್ನು ಗೋಡೆಯಿಂದ ಬಂಡೆಗೆ, ಬಂಡೆಯಿಂದ ಕಡಲಿಗೆ ಕರೆದುಕೊಂಡು ಹೋದ.

ಚೆನ್ನೈನಲ್ಲಿ ಬರೀ ಮರಳು, ಬಂಡೆ ಎಲ್ಲಿದೆ ಎಂದು ನಗುವವರಿದ್ದಾರೆ. ಕಡಲಂಚಿನ ಇ.ಸಿ.ಆರ್. ರಸ್ತೆ ಹಿಡಿದು ದಕ್ಷಿಣಕ್ಕೆ ಸಾಕಷ್ಟು ದೂರ ಹೋದರೆ, ಕಡಲೊಳಗೆ ಕರಿಬಂಡೆಗಳ ಒಂದು ಸಾಲು ಎದ್ದು ನಿಂತಿದೆ. ಮೀನುಗಾರರು ಅದನ್ನು ಆನೈಪ್ಪಾರೈ, ಆನೆಬಂಡೆ, ಎನ್ನುತ್ತಾರೆ. ನಡೆದು ಹೋಗಲಾಗದು. ಕಯಾಕ್‌ನಲ್ಲಿ, ಎಂದರೆ ಇಬ್ಬರು ಒಬ್ಬರ ಹಿಂದೊಬ್ಬರು ಕಾಲು ಚಾಚಿ ಕೂರುವ ಉದ್ದನೆಯ ಕಿರುದೋಣಿಯಲ್ಲಿ, ಹುಟ್ಟು ಹಾಕುತ್ತ ಅಲೆ ದಾಟಿ ಹೋಗಬೇಕು. ಹೋಗಿ, ದೋಣಿಯನ್ನು ಸಂದಿಯೊಂದರಲ್ಲಿ ಕಟ್ಟಿ, ಕಡಲ ಕಡೆಗಿನ ನೆಟ್ಟಗಿನ ಮೈಯನ್ನು ಹತ್ತಬೇಕು. ಕೆಳಗೆ ನೀರು ಬಂಡೆಗೆ ಬಡಿಯುತ್ತಿರುತ್ತದೆ, ಮೇಲೆ ಕೈಬೆರಳಿಗೆ ಸಿಗುವ ಬಿರುಕಷ್ಟೇ ನಮ್ಮದು.

ನನ್ನ ಗಂಡನಿಗೆ ಎತ್ತರ ಆಗುವುದಿಲ್ಲ. ಮನೆಯ ಬಾಲ್ಕನಿಯಲ್ಲೂ ಗೋಡೆಗೆ ಅಂಟಿಕೊಂಡೇ ಪೇಪರ್ ಓದುವವರು. ಬೀಗ ಹಾಕಿ, ಎಳೆದು ನೋಡಿ, ಲಿಫ್ಟಿನವರೆಗೆ ಹೋಗಿ, ಮತ್ತೆ ಬಂದು ಎಳೆದು ನೋಡುವ ಜಾತಿ. ನಾನು ಹತ್ತುತ್ತೇನೆ ಎಂದಾಗ ಬೇಡ ಎನ್ನಲಿಲ್ಲ. “ಆದ್ರ ನಿನ್ನ ಹಗ್ಗ ಬ್ಯಾರೆಯವರ ಕೈಯಾಗ ಇರೂದು ಬ್ಯಾಡ” ಎಂದರು. ಅಂದಿನಿಂದ ನಾನು ಹತ್ತುವುದು, ಅವರು ಕೆಳಗೆ ನಿಂತು ಹಗ್ಗ ಹಿಡಿಯುವುದು. ಸಿದ್ಧಲಿಂಗೇಶ್ ಎಂಬ ಅಷ್ಟುದ್ದದ ಹೆಸರನ್ನು ಬಂಡೆಯ ಮೇಲಿಂದ ಕೂಗಲಾಗುವುದಿಲ್ಲ, ಕಡಲಿನ ಗದ್ದಲದಲ್ಲಿ ‘ರೀ’ ಕೇಳಿಸುವುದಿಲ್ಲ. ಹಾಗಾಗಿ ಬಂಡೆಯ ಮೇಲೆ ಮಾತ್ರ ಅವರು ನನಗೆ ಸಿದ್ದು, ನೀನು. ಮನೆಯಲ್ಲಿ ಅತ್ತೆಯ ಮುಂದೆ ರೀ, ನೀವು.

ಹಗ್ಗ ಹಿಡಿಯುವವರಿಗೆ ಗಿರಿಧರ್ ಒಂದೇ ನಿಯಮ ಹೇಳುತ್ತಿದ್ದ. ನನ್ನ ಸೊಂಟಕ್ಕೆ ಕಟ್ಟಿದ ಹಗ್ಗ ಬಂಡೆಯ ತುದಿಯ ಕೊಂಡಿಯನ್ನು ಹಾಯ್ದು, ಕೆಳಗೆ ಸಿದ್ದುವಿನ ಸೊಂಟದ ಕೊಂಡಿಗೆ ಬರುತ್ತದೆ. ಆ ಕೊಂಡಿಯಿಂದ ಹೊರಬಂದ ಹಗ್ಗವನ್ನು ಅವರ ಒಂದು ಕೈ ಹಿಡಿದಿರಬೇಕು. ಹಿಡಿದಿದ್ದರೆ ನಾನು ಜಾರಿದರೂ ಗಾಳಿಯಲ್ಲಿ ನೇತಾಡುತ್ತೇನೆ, ಅಷ್ಟೇ. ಬಿಟ್ಟರೆ ಕೆಳಗೆ. “ಭೂಕಂಪವೇ ಬರಲಿ ಸಾರ್, ಅಂದ ಕೈ ಮಟ್ಟುಂ ವಿಡಾದೀಂಗ” ಎನ್ನುತ್ತಿದ್ದ, ಆ ಕೈ ಮಾತ್ರ ಬಿಡಬೇಡಿ. ಎಡಚರಾದ ಸಿದ್ದುವಿಗೆ ಅದು ಎಡಗೈ.

ಹತ್ತುವವರಿಗೂ ಅವನದೊಂದು ನಿಯಮ: ಕೊರಳಲ್ಲಿ ಏನೂ ಇರಕೂಡದು, ಬಂಡೆಯ ಚೂಪಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಉಳಿದವರು ಸರ, ತಾಳಿಗಳನ್ನು ಕಾರಿನಲ್ಲಿಟ್ಟು ಬರುತ್ತಿದ್ದರು. ಲಿಂಗವನ್ನು ಕಾರಿನಲ್ಲಿಡಲು ನನ್ನ ಗಂಡ ಒಪ್ಪಬೇಕಲ್ಲ. ಬಂಡೆಯ ಬುಡದ ಚಪ್ಪಟೆ ಕಲ್ಲಿನ ಮೇಲೆ ನಾನು ನನ್ನ ಲಿಂಗವನ್ನು ತೆಗೆದುಕೊಡುತ್ತಿದ್ದೆ, ಅವರು ಕಣ್ಣಿಗೊತ್ತಿ ತಮ್ಮ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಇಳಿದು ಬಂದಮೇಲೆ ವಾಪಸು. ಎರಡು ಲಿಂಗ ಹೊತ್ತು ನಿಂತ ನಿಮ್ಮನ್ನು ನೋಡಿದರೆ ಚಿಕ್ಕ ಮಠದ ಸ್ವಾಮಿಗಳ ಹಾಗಿದ್ದೀರಿ ಎಂದು ನಾನು ಕಾಡುತ್ತಿದ್ದೆ. ಅತ್ತೆಗೆ ಇದು ಗೊತ್ತಿರಲಿಲ್ಲ. ಅವರ ಪ್ರಕಾರ ನಾವು ಭಾನುವಾರ ದೋಣಿಯಲ್ಲಿ ಕೂತು ಗಾಳಿ ಕುಡಿದು ಬರುವವರು.

ಒಂದು ಸಲ ಮಾತ್ರ ನನ್ನ ಶಿವದಾರವನ್ನು ಬೆರಳಲ್ಲಿ ಉಜ್ಜಿ ನೋಡಿ ಕೇಳಿದ್ದರು. “ಏನವ್ವಾ, ಇದು ಉಪ್ಪಿನ್ಯಾಗ ಅದ್ದಿ ಇಟ್ಟಂಗ ಬಿರಸಾಗೇತಲ್ಲ?”

“ಬೆವರು ಅತ್ತೆ” ಎಂದಿದ್ದೆ.

“ಹೊಸಾ ದಾರಾ ಹೊಸೆದು ಕೊಡತೇನಿ, ಬದಲ ಮಾಡಿಕ್ಯಾ” ಎಂದರು. ಹೊಸೆದೂ ಕೊಟ್ಟರು. ಅದು ನನ್ನ ಮೇಜಿನ ಡ್ರಾಯರಿನಲ್ಲೇ ಉಳಿಯಿತು.

ಆ ಭಾನುವಾರ ಕಡಲು ಶಾಂತವಾಗಿತ್ತು. ಅಲೆ ದಾಟುವಾಗ ಒಮ್ಮೆ ಮೈಯೆಲ್ಲ ನೆನೆಯಿತು, ಆಮೇಲೆ ಎಣ್ಣೆ ಹಾಕಿದ ಹಾಗೆ ದೋಣಿ ಸಾಗಿತು. ಗಿರಿಧರ್ ಮೇಲೆ ಹೋಗಿ ಹಗ್ಗ ಕಟ್ಟಿ, ನಮ್ಮ ಗಂಟುಗಳನ್ನೆಲ್ಲ ಎಳೆದು ನೋಡಿ, ದೋಣಿಗಳನ್ನು ಭದ್ರ ಮಾಡಿ ಬರುತ್ತೇನೆಂದು ಬಂಡೆಯ ಹಿಂದಕ್ಕೆ ಹೋದ. ನಾನು ಲಿಂಗವನ್ನು ತೆಗೆದುಕೊಟ್ಟೆ. ಹತ್ತಲು ಶುರುಮಾಡಿದೆ.

ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಹತ್ತಿರಲಿಲ್ಲ. ಯಾವಾಗಲೂ ಸೋಲುತ್ತಿದ್ದ ಜಾಗದಲ್ಲಿ, ಬಂಡೆ ಹೊಟ್ಟೆಯ ಹಾಗೆ ಮುಂದಕ್ಕೆ ಉಬ್ಬಿದ ಕಡೆ, ಕಾಲನ್ನು ಸೊಂಟದೆತ್ತರಕ್ಕೆ ಇಟ್ಟು ಎದ್ದುಬಿಟ್ಟೆ. ತುದಿಯ ಕೊಂಡಿ ಮುಟ್ಟಿದಾಗ ಖುಷಿಗೆ ನಗು ತಡೆಯಲಾಗಲಿಲ್ಲ. “ಸಿದ್ದು, ಇಳಿಸು” ಎಂದು ಕೂಗಿ, ಎರಡೂ ಕೈ ಬಿಟ್ಟು, ಹಗ್ಗಕ್ಕೆ ಮೈಯೊಪ್ಪಿಸಿ ಹಿಂದಕ್ಕೆ ಒರಗಿದೆ. ಅವರು ಸ್ವಲ್ಪ ಸ್ವಲ್ಪವೇ ಹಗ್ಗ ಬಿಡುತ್ತ ಇಳಿಸತೊಡಗಿದರು. ನಾನು ನಗುತ್ತಲೇ ಕೆಳಗೆ ನೋಡಿದೆ.

ಅವರ ಎದೆಯ ಮೇಲಿಂದ ಬೆಳ್ಳಿಯ ಚೂರೊಂದು ಮಿಂಚಿ ಜಾರಿತು. ಅದರ ಬೆನ್ನಿಗೇ ಎಡಗೈ ಹೋಯಿತು. ಯೋಚನೆ ಇಲ್ಲ, ತಡವರಿಕೆ ಇಲ್ಲ, ಕಣ್ಣಿಗೆ ನೊಣ ಬಂದರೆ ರೆಪ್ಪೆ ಮುಚ್ಚುತ್ತದಲ್ಲ, ಹಾಗೆ. ನನಗೆ ಹಗ್ಗ ಕಾಣಿಸಿತು, ಹಗ್ಗದ ಮೇಲೆ ಯಾರ ಕೈಯೂ ಇಲ್ಲದ್ದು ಕಾಣಿಸಿತು. ಆಮೇಲೆ ಬಂಡೆ ನನ್ನ ಮುಂದೆ ಮೇಲಕ್ಕೆ ಓಡಿತು.

ಕೂಗಿದೆನೋ ಇಲ್ಲವೋ ನೆನಪಿಲ್ಲ. ನೆಲಕ್ಕೆ ಇನ್ನೇನು ಬಡಿಯುವ ಹೊತ್ತಿಗೆ ಸೊಂಟ ಕತ್ತರಿಸುವಂಥ ಎಳೆತ. ಬಲಗಾಲು ಬಂಡೆಯ ಮೆಟ್ಟಿಲಿಗೆ ಅಪ್ಪಳಿಸಿ ಒಳಗೆ ಏನೋ ಮುರಿದ ಸದ್ದು ನನಗೇ ಕೇಳಿಸಿತು. ಅವರು ಹಗ್ಗವನ್ನು ಮತ್ತೆ ಹಿಡಿದಿದ್ದರು, ಅದೇ ಎಡಗೈಯಲ್ಲಿ. ಅಂಗೈಯೊಳಗೆ ಹಗ್ಗ ಉರಿದುಕೊಂಡು ಓಡಿ ನಿಂತಿತ್ತು.

“ಕೋಮಲಾ, ಕೋಮಲಾ” ಎನ್ನುತ್ತ ಪಕ್ಕದಲ್ಲಿ ಕುಸಿದರು. ಬಲಗೈಯಲ್ಲಿ ನನ್ನ ತಲೆ ಎತ್ತಿದರು. ಎಡಗೈ ಮುಷ್ಟಿ ಹಾಗೇ ಇತ್ತು, ಸಂದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು, ಬೆರಳುಗಳ ನಡುವಿನಿಂದ ಹರಿದ ದಾರದ ತುದಿ ಹೊರಗೆ ಬಂದಿತ್ತು. ನನ್ನನ್ನು ಎತ್ತುವುದಕ್ಕೂ ಆ ಮುಷ್ಟಿ ಬಿಚ್ಚಲಿಲ್ಲ. ನೋವಿಗಿಂತ ಮೊದಲು ನನಗೆ ಅದೇ ತಟ್ಟಿತು. ಈ ಮನುಷ್ಯ ತನ್ನ ಲಿಂಗಕ್ಕಾಗಿ ನನ್ನ ಕೈಬಿಟ್ಟ, ಈಗಲೂ ಅದನ್ನು ಬಿಡುತ್ತಿಲ್ಲ.

ಗಿರಿಧರ್ ಓಡಿ ಬಂದ. ನನ್ನ ಕಾಲನ್ನು ಹುಟ್ಟಿನ ಕೋಲಿಗೆ ಕಟ್ಟಿದ. ಕಟ್ಟುತ್ತಲೇ, ತಲೆ ಎತ್ತದೆ, ಹಗ್ಗ ಹೇಗೆ ಓಡಿತು ಎಂದು ಕೇಳಿದ.

“ನಾನ್ ತಾನ್ ವಿಟ್ಟೇನ್” ಎಂದರು ಸಿದ್ದು. ನಾನೇ ಬಿಟ್ಟೆ.

ಗಿರಿಧರನ ಕೈ ಅಲ್ಲೇ ನಿಂತಿತು. ಎದ್ದು, ಅವರ ಸೊಂಟದ ಕೊಂಡಿಯನ್ನು ಬಿಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡ. ಅವರು ಸುಮ್ಮನೆ ನಿಂತು ಬಿಚ್ಚಿಸಿಕೊಂಡರು. ಪೊಲೀಸ್ ಸ್ಟೇಷನ್ನಿನಲ್ಲಿ ಬೆಲ್ಟು ಕಳಚಿಸುವುದನ್ನು ನೋಡಿದ ಹಾಗಾಯಿತು, ನಾನು ಮುಖ ಆಚೆ ತಿರುಗಿಸಿದೆ.

ದಡಕ್ಕೆ ಬಂದ ಪ್ರಯಾಣವನ್ನು ಇನ್ನೊಮ್ಮೆ ಮಾಡೆಂದರೆ ಸತ್ತರೂ ಮಾಡಲಾರೆ. ಗಿರಿಧರ್ ತನ್ನ ದೋಣಿಗೆ ನಮ್ಮದನ್ನು ಕಟ್ಟಿ ಎಳೆಯುತ್ತಿದ್ದ. ಮುಂದೆ ನಾನು, ಹಿಂದೆ ಅವರು. ಇಷ್ಟು ದಿನ ಬೆನ್ನ ಹಿಂದೆ ಅವರಿದ್ದಾರೆ ಎಂದರೆ ನನಗೆ ಧೈರ್ಯವಿರುತ್ತಿತ್ತು. ಅವತ್ತು ಬೆನ್ನು ತಣ್ಣಗೆ ಕೊರೆಯುತ್ತಿತ್ತು. ಅಲೆ ದೋಣಿಯನ್ನು ಎತ್ತಿದಾಗಲೆಲ್ಲ ಹಿಂದಿನಿಂದ ಅವರ ಬಲಗೈ ನನ್ನ ಹೆಗಲಿಗೆ ಬರುತ್ತಿತ್ತು. ನಾನು ಕೊಡವುತ್ತಿದ್ದೆ.

ರಸ್ತೆ ಬದಿಯ ಆಸ್ಪತ್ರೆಯೊಂದರಲ್ಲಿ ಇಬ್ಬರನ್ನೂ ಅಕ್ಕಪಕ್ಕದ ಮಂಚದಲ್ಲಿ ಕೂರಿಸಿದರು. ನನ್ನ ಪಾದದ ಗಂಟಿನ ಮೂಳೆ ಮುರಿದಿತ್ತು. ಅವರ ಮುಷ್ಟಿಯನ್ನು ನರ್ಸಮ್ಮ ಬೆಚ್ಚಗಿನ ನೀರು ಸುರಿಯುತ್ತ ಒಂದೊಂದೇ ಬೆರಳು ಬಿಡಿಸಿ ಬಿಚ್ಚಿದಳು. ಅಂಗೈ ಅನ್ನುವುದೇ ಇರಲಿಲ್ಲ, ಹಸಿ ಮಾಂಸ. ಅದರ ನಡುವೆ ಕರಡಿಗೆ ಅಂಟಿಕೊಂಡಿತ್ತು. ಹಗ್ಗ ಅದರ ಮೇಲೂ ಓಡಿ ಬೆಳ್ಳಿಯಲ್ಲಿ ಒಂದು ಗೀರು ಬಿದ್ದಿತ್ತು.

“ಇದೇನು ಸಾರ್, ಕೈಯಲ್ಲೇ ಇಟ್ಟುಕೊಂಡು ಬಂದಿದ್ದೀರಿ?” ಎಂದು ಕೇಳಿ, ತೊಳೆದು, ನನ್ನ ಕೈಗೆ ಕೊಟ್ಟಳು.

ಮುಚ್ಚಳದ ಮೇಲೆ ಸಣ್ಣ ಎಕ್ಕದ ಹೂವಿನ ಕೆತ್ತನೆಯಿತ್ತು. ಆ ಹೂವನ್ನು ಅಪ್ಪ ಮುಂದೆ ಕೂತು ಅಕ್ಕಸಾಲಿಯಿಂದ ಕೆತ್ತಿಸಿದ್ದರು, ನನಗಾಗಿ. ತಲೆ ಎತ್ತಿ ಗಂಡನ ಕೊರಳು ನೋಡಿದೆ. ಅವರ ಕರಡಿಗೆ ಅಂಗಿಯೊಳಗೆ ಅದರ ಜಾಗದಲ್ಲೇ ನೇತಾಡುತ್ತಿತ್ತು.

ಬೆಳಿಗ್ಗೆ ನಾನೇ ಬಿಚ್ಚಿ ಕೊಟ್ಟದ್ದು. ಕೊಟ್ಟೂ ಕೊಟ್ಟೂ ಎಷ್ಟು ರೂಢಿಯಾಗಿತ್ತೆಂದರೆ ಅದು ನೆನಪಿಗೇ ಬರಲಿಲ್ಲ. ಹಿಡಿದದ್ದು ತಮ್ಮದನ್ನೇ ಎಂದು ನಾನೇ ತೀರ್ಮಾನ ಮಾಡಿಕೊಂಡು ಕಡಲುದ್ದಕ್ಕೂ ಮನಸ್ಸಿನಲ್ಲಿ ಅವರಿಗೆ ಶಾಪ ಹಾಕಿಕೊಂಡು ಬಂದಿದ್ದೆ.

“ಇದು ನಂದು” ಎಂದೆ.

“ಹೌದು.”

“ನನ್ನ ಹಗ್ಗ ಬಿಟ್ಟು ಇದನ್ನ ಹಿಡಿದ್ರಾ?”

“ಅದು ಸಂದ್ಯಾಗ ಬಿದ್ದು ನೀರಿಗೆ ಹೋಗ್ತಿತ್ತು. ಹೋಗಿದ್ರ ನೀ ಉಳೀತಿರಲಿಲ್ಲ, ಕೋಮಲಾ.”

“ನಾನು ಬಿದ್ದಿದ್ರೆ?”

ಅವರು ನನ್ನನ್ನೇ ನೋಡಿದರು. ಈ ಪ್ರಶ್ನೆ ಅವರ ತಲೆಗೆ ಅದೇ ಮೊದಲ ಸಲ ಬಂದದ್ದು ಮುಖದಲ್ಲೇ ಕಾಣುತ್ತಿತ್ತು. “ಅದು ಹೊಳೀಲೇ ಇಲ್ಲ. ಕೈ ತಾನಾಗೇ ಹೋತು” ಎಂದರು.

ನನ್ನನ್ನು ಉಳಿಸಲಿಕ್ಕೆಂದೇ ನನ್ನನ್ನು ಬಿಟ್ಟಿದ್ದರು. ಇದಕ್ಕೆ ಅಳಬೇಕೋ ಕೂಗಾಡಬೇಕೋ ತಿಳಿಯದೆ, ನರ್ಸಮ್ಮನ ಮುಂದೆಯೇ ಎರಡನ್ನೂ ಮಾಡಿದೆ. ತಮ್ಮದಕ್ಕಾಗಿ ಬಿಟ್ಟಿದ್ದರೆ ಸ್ವಾರ್ಥಿ ಎಂದು ಬೈದು, ಆರು ತಿಂಗಳು ಜಗಳವಾಡಿ, ಕೊನೆಗೆ ಕ್ಷಮಿಸಿಬಿಡುತ್ತಿದ್ದೆನೋ ಏನೋ. ಇದನ್ನು ಏನೆಂದು ಕ್ಷಮಿಸಲಿ? ಇಂಥದ್ದೇ ಇನ್ನೊಮ್ಮೆ ಬಂದರೆ ಆ ಕೈ ಇನ್ನೊಮ್ಮೆ ಹೋಗುತ್ತದೆ, ಪ್ರೀತಿಯಿಂದಲೇ ಹೋಗುತ್ತದೆ. ಅಂಥ ಕೈಗೆ ನನ್ನ ಜೀವವನ್ನು ಮತ್ತೆ ಹೇಗೆ ಕೊಡಲಿ? ಬಂಡೆಯ ಮಾತು ಹಾಗಿರಲಿ, ರಸ್ತೆ ದಾಟುವಾಗಲೂ ನಾನು ಹಿಡಿದುಕೊಳ್ಳುವುದು ಆ ಕೈಯನ್ನೇ.

ಮರುದಿನ ಬೆಳಿಗ್ಗೆ ಮನೆಗೆ ಬಂದೆವು. ಅತ್ತೆಗೆ ಫೋನಿನಲ್ಲಿ ಕಾಲು ಉಳುಕಿದೆ ಎಂದಷ್ಟೇ ಹೇಳಿದ್ದೆವು. ಅವರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಬಾಗಿಲಲ್ಲೇ ಕಾಯುತ್ತಿದ್ದರು. ನಾನು ಕುಂಟುತ್ತ ಒಳಗೆ ಹೋಗಿ, ಡ್ರಾಯರಿನಿಂದ ಅವರು ಹೊಸೆದುಕೊಟ್ಟ ದಾರ ತೆಗೆದು, ಗೀರು ಬಿದ್ದ ಕರಡಿಗೆಗೆ ನನ್ನ ಕೈಯಾರೆ ಗಂಟು ಹಾಕಿ ಕೊರಳಿಗೆ ಹಾಕಿಕೊಂಡೆ.